ಕಪ್ಪು-ಬಿಳುಪಿನಲ್ಲಿ ಕೂಸಿನ ಫೋಟೋ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಕೂಸು ಬಂದ ಮೇಲೆ ಕ್ಯಾಮೆರಾ ಹಿಡಿದವರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವಕ್ಕೆ ಎರಡು ಮಾತಿನ ಉತ್ತರ ಸಾಕು. ಬೆಳಕಿನ ವಿಚಾರ ಮತ್ತು ಕೆಂಪು ಬಣ್ಣದ ವಿಚಾರ ಬಂದಾಗ ಮಾತ್ರ ಸ್ವಲ್ಪ ಕೂತು ಮಾತಾಡಬೇಕು.

ಬಣ್ಣದ ಫೋಟೋ ಚೆನ್ನಾಗೇ ಇದೆಯಲ್ಲ, ಕಪ್ಪು-ಬಿಳುಪು ಯಾಕೆ?

ಹುಟ್ಟಿದ ಹೊಸತರಲ್ಲಿ ಕೂಸಿನ ಮೈ ಒಂದೇ ಬಣ್ಣದಲ್ಲಿ ಇರುವುದಿಲ್ಲ. ಮುಖ ಕೆಂಪಗಿರುತ್ತದೆ. ಮೊದಲ ದಿನಗಳಲ್ಲಿ ಅಂಗೈ, ಅಂಗಾಲು ಸ್ವಲ್ಪ ನೀಲಿಗಟ್ಟಿದ ಹಾಗೆ ಕಾಣುವುದುಂಟು. ಕಾಮಾಲೆ ಇದ್ದರೆ ಹಳದಿಯೂ ಸೇರುತ್ತದೆ. ಇದರ ಸುತ್ತ ಹಸಿರು ಗೋಡೆ, ಗುಲಾಬಿ ಹೊದಿಕೆ, ಹಿಂದೆ ಎಲ್ಲೋ ಒಂದು ಕೆಂಪು ಬಕೆಟ್. ನೋಡುವವರ ಕಣ್ಣು ಮೊದಲು ಬಕೆಟ್ ಕಡೆ ಓಡುತ್ತದೆ, ಮಗುವಿನ ಕಡೆ ಆಮೇಲೆ. ಬಣ್ಣ ತೆಗೆದಾಗ ಈ ಜಗಳ ನಿಲ್ಲುತ್ತದೆ. ರೆಪ್ಪೆಯ ಕೂದಲು, ಮುಷ್ಟಿಯ ಗೆರೆ, ತುಟಿಯ ಅಂಚು ಮುಂದೆ ಬರುತ್ತವೆ.

ಆದರೆ ಕೆಟ್ಟ ಫೋಟೋವನ್ನು ಉಳಿಸಿಕೊಳ್ಳಲು ಕಪ್ಪು-ಬಿಳುಪು ಮಾಡಬೇಡಿ. ಬಣ್ಣ ಹೋದ ಮೇಲೆ ಉಳಿಯುವುದು ಬೆಳಕು, ನೆರಳು, ಆಕಾರ ಇಷ್ಟೇ. ಬೆಳಕೇ ಸಪ್ಪೆಯಾಗಿದ್ದರೆ ಫೋಟೋ ಮೇಲೆ ಬೂದಿ ಎರಚಿದ ಹಾಗೆ ಕಾಣುತ್ತದೆ. ನನ್ನ ಪ್ರಕಾರ ಈ ಕೆಲಸದ ಮುಕ್ಕಾಲು ಪಾಲು ಮುಗಿಯುವುದು ಕಿಟಕಿ ಪಕ್ಕದಲ್ಲೇ.

ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಆಗುತ್ತಾ?

ಖಂಡಿತ ಆಗುತ್ತೆ. ಒಂದು ತಪ್ಪು ಮಾತ್ರ ಮಾಡಬೇಡಿ. ಮೊಬೈಲಿನ ಮಾಮೂಲಿ ಲೆನ್ಸ್ ಅಗಲವಾದದ್ದು. ಅದನ್ನು ಮಗುವಿನ ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದ ಹಾಗೆ ಬರುತ್ತದೆ. ಇದಕ್ಕೆ ಕಾರಣ ಲೆನ್ಸ್‌ಗಿಂತ ಜಾಸ್ತಿ ನೀವು ನಿಂತ ದೂರ. ಒಂದು, ಒಂದೂವರೆ ಮೀಟರ್ ಹಿಂದೆ ನಿಲ್ಲಿ. ಮೊಬೈಲಿನಲ್ಲಿ 2 ಪಟ್ಟು ಅಥವಾ 3 ಪಟ್ಟು ಹತ್ತಿರ ತೋರಿಸುವ ಲೆನ್ಸ್ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ದೂರದಿಂದಲೇ ತೆಗೆದು ಆಮೇಲೆ ಕ್ರಾಪ್ ಮಾಡಿ.

ಹಿನ್ನೆಲೆಯನ್ನು ತಾನಾಗೇ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಕೂಸಿನ ತಲೆಯ ಎಳೆಗೂದಲು, ಕಿವಿಯ ಅಂಚು ಎಲ್ಲಿ ಮುಗಿಯುತ್ತದೆ ಅನ್ನುವುದು ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಅರ್ಧ ಕಿವಿ ಮಸುಕಾಗಿ ಬಿಡುತ್ತದೆ. ಬಣ್ಣದಲ್ಲಿ ಇದು ಕಣ್ಣಿಗೆ ಬೀಳದೆ ಹೋಗಬಹುದು. ಕಪ್ಪು-ಬಿಳುಪಿನಲ್ಲಿ ಅಂಚುಗಳೇ ಮುಖ್ಯ, ಎದ್ದು ಕಾಣುತ್ತದೆ.

ಬರೀ ಕಪ್ಪು-ಬಿಳುಪು ತೆಗೆಯುವ ಕ್ಯಾಮೆರಾ ಇದೆಯಂತೆ, ಅದು ಬೇಕಾ?

ಬೇಡ. ಲೈಕಾ ಕಂಪನಿ 2012ರಲ್ಲಿ ಅಂಥ ಡಿಜಿಟಲ್ ಕ್ಯಾಮೆರಾ ತಂದಿತು, ಆಮೇಲೆ ಪೆಂಟಾಕ್ಸ್ ಕೂಡ ತಂದಿದೆ. ಅವು ಒಳ್ಳೆಯ ಕ್ಯಾಮೆರಾಗಳೇ. ಆದರೆ ಅವುಗಳಲ್ಲಿ ಬಣ್ಣದ ಮಾಹಿತಿ ಇರುವುದೇ ಇಲ್ಲ. ಕೂಸಿನ ಚರ್ಮಕ್ಕೆ ಆ ಮಾಹಿತಿ ಎಡಿಟಿಂಗ್ ಹೊತ್ತಲ್ಲಿ ಎಷ್ಟು ಬೇಕಾಗುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಎಷ್ಟು ದಿನದ ಮಗುವಾದಾಗ ತೆಗೆದರೆ ಒಳ್ಳೆಯದು?

ಪ್ರತಿ ವಯಸ್ಸಿಗೂ ಅದರದ್ದೇ ಫೋಟೋ ಇದೆ. ಮೊದಲ ಎರಡು ವಾರ ಕೂಸು ಜಾಸ್ತಿ ನಿದ್ದೆ ಮಾಡುತ್ತದೆ, ಹೊಟ್ಟೆಯಲ್ಲಿದ್ದ ಹಾಗೇ ಮುದುಡಿಕೊಳ್ಳುತ್ತದೆ. ಮಲಗಿರುವ ಫೋಟೋಗೆ ಇದೇ ಹದವಾದ ಸಮಯ. ಆರರಿಂದ ಎಂಟು ವಾರದ ಹೊತ್ತಿಗೆ ಮುಖ ನೋಡಿ ನಗಲು ಶುರು ಮಾಡುತ್ತದೆ. ಮೂರು ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲುತ್ತದೆ, ಬೋರಲು ಮಲಗಿಸಿದರೆ ತಲೆ ಎತ್ತಿ ನೋಡುತ್ತದೆ. ಆರು ತಿಂಗಳ ಆಸುಪಾಸಿನಲ್ಲಿ ಕೂರುತ್ತದೆ.

ಮೊದಲ ಎರಡು ವಾರ ತಪ್ಪಿತು ಅಂತ ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ. ನನಗೆ ಇಷ್ಟವಾದದ್ದು ನಾಲ್ಕನೇ ತಿಂಗಳು. ಆಗ ಮಗು ನಿಮ್ಮನ್ನು ನೋಡುವ ರೀತಿಯಲ್ಲಿ ಒಂದು ಪ್ರಶ್ನೆ ಇರುತ್ತದೆ.

ಬೆಳಕು ಎಲ್ಲಿಂದ ಬರಬೇಕು?

ಒಂದೇ ಕಡೆಯಿಂದ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಬಿಸಿಲು ನೇರ ಬೀಳದ ಒಂದು ದೊಡ್ಡ ಕಿಟಕಿ ಹುಡುಕಿ. ಬಿಸಿಲು ಬೀಳುತ್ತಿದ್ದರೆ ತೆಳುವಾದ ಬಿಳಿ ಪರದೆ ಇಳಿಬಿಡಿ. ಕೋಣೆಯ ಟ್ಯೂಬ್‌ಲೈಟು, ಬಲ್ಬು ಎಲ್ಲ ಆರಿಸಿ. ಮೇಲಿನ ದೀಪ ಉರಿಯುತ್ತಿದ್ದರೆ ಕಿಟಕಿ ಮಾಡಿದ ನೆರಳನ್ನು ಅದು ತುಂಬಿ ಹಾಕುತ್ತದೆ, ಮುಖ ಚಪ್ಪಟೆಯಾಗುತ್ತದೆ. ‘ಕತ್ತಲಾಯಿತಲ್ಲ’ ಅಂತ ಮನೆಯವರು ದೀಪ ಹಾಕಲು ಬರುತ್ತಾರೆ. ಸ್ವಲ್ಪ ಹೊತ್ತು ಹಾಗೇ ಇರಲಿ ಅಂತ ಹೇಳಿ.

ಈಗ ಮಗುವನ್ನು ಕಿಟಕಿಯಿಂದ ಒಂದು ಮೀಟರ್ ಒಳಗೆ, ಹಾಸಿಗೆ ಮೇಲೆ ಅಂಗಾತ ಮಲಗಿಸಿ. ತಲೆ ಕಿಟಕಿ ಕಡೆ, ಕಾಲು ಕೋಣೆಯ ಒಳಗಡೆ. ಆಮೇಲೆ ಮೈಯನ್ನು ಸ್ವಲ್ಪ ಓರೆ ಮಾಡಿ, ಬೆಳಕು ಹಣೆಯಿಂದ ಮೂಗಿಗೆ, ಮೂಗಿನಿಂದ ಗಲ್ಲಕ್ಕೆ ಇಳಿಜಾರಿನಲ್ಲಿ ಇಳಿದು ಬರುವ ಹಾಗೆ. ಮೂಗಿನ ನೆರಳು ತುಟಿಯ ಒಂದು ಬದಿಗೆ ಚಿಕ್ಕದಾಗಿ ಬಿದ್ದರೆ ಸರಿಯಾಗಿದೆ ಅಂತ ಅರ್ಥ.

ಕಾಲು ಕಿಟಕಿ ಕಡೆ ಮಾಡಿ ಮಲಗಿಸಿದರೆ ಬೆಳಕು ಗಲ್ಲದ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಮೂಗಿನ ಹೊಳ್ಳೆ ಬೆಳಗುತ್ತದೆ, ಕಣ್ಣಿನ ಮೇಲೆ ನೆರಳು ಬೀಳುತ್ತದೆ. ಟಾರ್ಚನ್ನು ಗಲ್ಲದ ಕೆಳಗೆ ಹಿಡಿದುಕೊಂಡರೆ ಮುಖ ಹೇಗೆ ಕಾಣುತ್ತದೆ ಗೊತ್ತಲ್ವಾ, ಹಾಗೆ. ಹೊಸಬರ ಫೋಟೋಗಳಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ಮಗುವನ್ನು ತಿರುಗಿಸಿ ಮಲಗಿಸಿದರೆ ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ.

ನೆರಳಿನ ಬದಿ ತೀರಾ ಕಪ್ಪಾದರೆ ಆ ಕಡೆ ಒಂದು ಬಿಳಿ ಬಟ್ಟೆ ಅಥವಾ ದಪ್ಪ ಬಿಳಿ ಹಾಳೆ ಹಿಡಿಯಿರಿ. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಪೂರ್ತಿ ತಿಳಿ ಮಾಡಬೇಡಿ, ಕೆನ್ನೆಯ ಗುಂಡಗಿನ ಆಕಾರ ತೋರಿಸುವುದೇ ಆ ನೆರಳು.

ಒಂದು ಅಭ್ಯಾಸ ಹೇಳುತ್ತೇನೆ. ಮಗು ಬರುವ ಮೊದಲು ಅದೇ ಜಾಗದಲ್ಲಿ ಒಂದು ಗೊಂಬೆಯನ್ನೋ ಬಿಳಿ ಚೆಂಡನ್ನೋ ಇಟ್ಟು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಫೋಟೋ ತೆಗೆದು ನೋಡಿ. ನಿಮ್ಮ ಮನೆಯ ಕಿಟಕಿ ಯಾವ ಹೊತ್ತಿಗೆ ಚೆನ್ನಾಗಿರುತ್ತದೆ ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಕ್ಯಾಮೆರಾದಲ್ಲಿ ಯಾವ ಸೆಟ್ಟಿಂಗ್ ಇಡಬೇಕು?

ಮಲಗಿರುವ ಕೂಸಿಗೆ ಶಟರ್ (ಬೆಳಕು ಒಳಗೆ ಬಿಡಲು ತೆರೆದು ಮುಚ್ಚುವ ಬಾಗಿಲು) ಸೆಕೆಂಡಿನ 125ನೇ ಒಂದು ಭಾಗ ತೆರೆದಿದ್ದರೆ ಸಾಕು. ಎಚ್ಚರ ಇದ್ದು ಕೈಕಾಲು ಆಡಿಸುತ್ತಿದ್ದರೆ 250ನೇ ಒಂದು ಭಾಗ. ಅಂಬೆಗಾಲಿಡುವ ಮಗುವಾದರೆ 500ನೇ ಒಂದು ಭಾಗ ಇರಲಿ.

ಅಪರ್ಚರ್ (ಬೆಳಕು ಒಳಗೆ ಬರುವ ಲೆನ್ಸಿನ ಕಿಂಡಿ) ವಿಷಯದಲ್ಲಿ ಆಸೆ ಜಾಸ್ತಿ ಬೇಡ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಎಂಎಂ ಲೆನ್ಸಿನಲ್ಲಿ ಎಫ್ 1.8 ಇಟ್ಟು ಮುಕ್ಕಾಲು ಮೀಟರ್ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಬರುವ ಪಟ್ಟಿ ಎರಡೂವರೆ ಸೆಂಟಿಮೀಟರ್ ಆಸುಪಾಸು ಅಷ್ಟೇ. ಮೂಗಿನ ತುದಿ ಸ್ಪಷ್ಟ, ಕಣ್ಣು ಮಸುಕು, ಹೀಗಾಗುತ್ತದೆ. ಎಫ್ 2.8ರಿಂದ ಎಫ್ 4ರ ನಡುವೆ ಇಡಿ. ಫೋಕಸ್ ಯಾವಾಗಲೂ ಕ್ಯಾಮೆರಾಗೆ ಹತ್ತಿರ ಇರುವ ಕಣ್ಣಿನ ಮೇಲೆ. ಕಣ್ಣು ಮುಚ್ಚಿದ್ದರೆ ರೆಪ್ಪೆಯ ಮೇಲೆ.

ಬೆಳಕು ಕಮ್ಮಿಯಾದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ) ಏರಿಸಿ. 1600, 3200 ಆದರೂ ಹೆದರಬೇಡಿ. ಬಣ್ಣದಲ್ಲಿ ಕೆಂಪು-ಹಸಿರು ಚುಕ್ಕೆಗಳಾಗಿ ಕಾಡುವ ನಾಯ್ಸ್, ಕಪ್ಪು-ಬಿಳುಪಿನಲ್ಲಿ ಫಿಲ್ಮ್ ಕಾಲದ ಗ್ರೇನ್ (ಫೋಟೋ ಮೇಲಿನ ಸಣ್ಣ ಸಣ್ಣ ಕಾಳು) ಥರ ಕಾಣುತ್ತದೆ. ಅಲುಗಿದ ಫೋಟೋವನ್ನು ಮಾತ್ರ ಸರಿಯಾಗಿ ರಿಪೇರಿ ಮಾಡಲು ಆಗುವುದಿಲ್ಲ.

ಇನ್ನೊಂದು ವಿಷಯ. ಕ್ಯಾಮೆರಾ ತನ್ನ ಮುಂದಿರುವ ಎಲ್ಲವನ್ನೂ ಮಧ್ಯಮ ಬೂದು ಅಂದುಕೊಂಡು ಬೆಳಕಿನ ಲೆಕ್ಕ ಹಾಕುತ್ತದೆ. ಪೂರ್ತಿ ಬಿಳಿ ಹೊದಿಕೆ ಇದ್ದರೆ ಅದನ್ನು ಬೂದು ಮಾಡಲು ಹೋಗಿ ಮಗುವನ್ನೂ ಕಪ್ಪಾಗಿಸುತ್ತದೆ. ಆಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಹಾಕಿದ ಬೆಳಕಿನ ಲೆಕ್ಕವನ್ನು ನಾವು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಅನ್ನು ಒಂದು ಹೆಜ್ಜೆ ಏರಿಸಿ. ಕಪ್ಪು ಹೊದಿಕೆ ಇದ್ದರೆ ಒಂದು ಹೆಜ್ಜೆ ಇಳಿಸಿ. ಮೊಬೈಲಿನಲ್ಲಾದರೆ ಮಗುವಿನ ಮುಖ ಮುಟ್ಟಿ, ಅಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಸಾಕು.

ತೆಗೆಯುವಾಗಲೇ ಕಪ್ಪು-ಬಿಳುಪು ಇಡಬೇಕಾ, ಆಮೇಲೆ ಮಾಡಬೇಕಾ?

ಎರಡನ್ನೂ ಒಟ್ಟಿಗೆ ಮಾಡುವ ದಾರಿ ಇದೆ. ಕ್ಯಾಮೆರಾದಲ್ಲಿ ರಾ (ಕ್ಯಾಮೆರಾ ಹಿಡಿದ ಮಾಹಿತಿ ಪೂರ್ತಿ ಇರುವ ಫೈಲು) ಮತ್ತು ಜೆಪೆಗ್ (ಕ್ಯಾಮೆರಾ ತಾನೇ ಸಿದ್ಧ ಮಾಡಿ ಕುಗ್ಗಿಸಿದ ಮಾಮೂಲಿ ಫೈಲು) ಎರಡೂ ಉಳಿಯುವ ಹಾಗೆ ಇಡಿ. ಪಿಕ್ಚರ್ ಸ್ಟೈಲ್ ಅನ್ನು ಮೊನೊಕ್ರೋಮ್ ಮಾಡಿ. ಈಗ ಸ್ಕ್ರೀನಿನಲ್ಲಿ ನಿಮಗೆ ಕಪ್ಪು-ಬಿಳುಪೇ ಕಾಣುತ್ತದೆ, ಬಣ್ಣದ ಗೊಂದಲ ಇಲ್ಲದೆ ಬೆಳಕನ್ನು ನೋಡಬಹುದು. ಆದರೆ ರಾ ಫೈಲಿನಲ್ಲಿ ಬಣ್ಣ ಪೂರ್ತಿ ಹಾಗೇ ಇರುತ್ತದೆ. ಹೊಸಬರಿಗೆ ಇದರಷ್ಟು ಬೇಗ ಕಣ್ಣು ತಿದ್ದುವ ಅಭ್ಯಾಸ ನಾನು ಬೇರೆ ಕಂಡಿಲ್ಲ.

ಮೊಬೈಲಿನಲ್ಲಿ ಬಣ್ಣದಲ್ಲೇ ತೆಗೆಯಿರಿ.

ಮಗು ಸುಮ್ಮನೆ ಇರುವುದೇ ಇಲ್ಲ. ಏನು ಮಾಡಲಿ?

ಹೊಟ್ಟೆ ತುಂಬಿರಲಿ, ಬಟ್ಟೆ ಒಣಗಿರಲಿ, ಕೋಣೆ ಬೆಚ್ಚಗಿರಲಿ. ಇಷ್ಟಾದ ಮೇಲೂ ಅತ್ತರೆ ಕ್ಯಾಮೆರಾ ಕೆಳಗಿಡಿ. ನಾಳೆಯೂ ಕಿಟಕಿ ಅಲ್ಲೇ ಇರುತ್ತದೆ.

ಪುಟ್ಟ ಕೂಸುಗಳು ನಿದ್ದೆಯಲ್ಲೇ ಬೆಚ್ಚಿ ಬಿದ್ದು ಎರಡೂ ಕೈ ಚಾಚುತ್ತವೆ. ಇದು ಹುಟ್ಟಿನಿಂದ ಬಂದ ಸಹಜ ಚಲನೆ, ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತದೆ. ಅಮ್ಮ ಒಂದು ಕೈಯನ್ನು ಮಗುವಿನ ಎದೆ ಮೇಲೆ ಮೆತ್ತಗೆ ಇಟ್ಟುಕೊಂಡರೆ ಅದು ಶಾಂತವಾಗುತ್ತದೆ. ಆ ಕೈ ಫೋಟೋದಲ್ಲಿ ಬಂದರೆ ಬರಲಿ, ಚೆಂದವೇ.

ನಿಮ್ಮನ್ನು ನೋಡಲಿ ಅಂತ ದೂರದಿಂದ ಗಿಲಕಿ ಆಡಿಸಿದರೆ ಮೊದಲ ವಾರಗಳ ಕೂಸಿಗೆ ಅದು ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ್ದು. ಅಂದರೆ ಎದೆಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು ದೂರ. ಅದರ ಕಣ್ಣನ್ನು ಸೆಳೆಯುವುದೂ ಗಾಢವಾದ ಕಪ್ಪು-ಬಿಳಿ ಅಂಚುಗಳೇ. ಇದನ್ನು ತಿಳಿದ ಮೇಲೆ ನನಗೆ ಈ ಫೋಟೋಗಳ ಮೇಲಿನ ಪ್ರೀತಿ ಇನ್ನೂ ಹೆಚ್ಚಾಯಿತು. ಹಾಗಾಗಿ ಅಮ್ಮ ಅಥವಾ ಅಪ್ಪ ಹತ್ತಿರ ಬಗ್ಗಿ ಮಾತಾಡಲಿ, ನೀವು ಪಕ್ಕದಿಂದ ತೆಗೆಯಿರಿ.

ಬಟ್ಟೆ, ಹೊದಿಕೆ ಹೇಗಿರಬೇಕು?

ಚಿತ್ರ, ಅಕ್ಷರ, ದಪ್ಪ ಪಟ್ಟೆ ಬೇಡ. ಬಣ್ಣಕ್ಕಿಂತ ನೇಯ್ಗೆ ನೋಡಿ: ಕೈಯಲ್ಲಿ ಹೆಣೆದ ಉಣ್ಣೆ ಟೋಪಿ, ಒಗೆದು ಮೆತ್ತಗಾದ ಹತ್ತಿ ಬಟ್ಟೆ, ಟವೆಲ್. ಓರೆ ಬೆಳಕಿನಲ್ಲಿ ಇವುಗಳ ಎಳೆ ಎಳೆಯೂ ಕಾಣುತ್ತದೆ. ಪಕ್ಕದಲ್ಲಿ ಕೂಸಿನ ನಯವಾದ ಕೆನ್ನೆ ಇದ್ದರೆ ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ.

ಕೆಂಪು ಅಂಗಿ, ಹಸಿರು ಹೊದಿಕೆ ಕಣ್ಣಿಗೆ ಬೇರೆ ಬೇರೆ ಕಂಡರೂ ಬಣ್ಣ ಹೋದ ಮೇಲೆ ಎರಡೂ ಒಂದೇ ಬೂದು ಆಗಬಹುದು. ಅನುಮಾನ ಇದ್ದರೆ ಮೊಬೈಲಿನಲ್ಲಿ ಮೊನೊ ಫಿಲ್ಟರ್ ಹಾಕಿ ಒಮ್ಮೆ ನೋಡಿ. ಚರ್ಮಕ್ಕಿಂತ ಸ್ಪಷ್ಟವಾಗಿ ತಿಳಿ ಅಥವಾ ಸ್ಪಷ್ಟವಾಗಿ ಗಾಢ, ಎರಡರಲ್ಲಿ ಒಂದಾಗಿರಲಿ.

ಮುಖ ಬಿಟ್ಟು ಬೇರೆ ಏನು ತೆಗೆಯಬಹುದು?

ಮುಷ್ಟಿ. ದೊಡ್ಡವರ ಒಂದು ಬೆರಳನ್ನು ಅಂಗೈಗೆ ತಾಗಿಸಿದರೆ ಕೂಸು ತಾನಾಗೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ಹಿಡಿತವೂ ಹುಟ್ಟಿನಿಂದ ಬಂದದ್ದೇ, ಐದಾರು ತಿಂಗಳ ಹೊತ್ತಿಗೆ ಮಾಯವಾಗುತ್ತದೆ. ಅಜ್ಜಿಯದೋ ತಾತನದೋ ಸುಕ್ಕುಗಟ್ಟಿದ ಬೆರಳಾದರಂತೂ ಕಪ್ಪು-ಬಿಳುಪಿಗೆ ಹೇಳಿ ಮಾಡಿಸಿದ್ದು. ಅಂಗಾಲಿನ ಗೆರೆ, ಹಿಂದಲೆಯ ಕೂದಲಿನ ಸುಳಿ, ಭುಜದ ಮೇಲಿನ ನವಿರು ರೋಮ, ಆಕಳಿಸುವ ಬಾಯಿ. ನವಿರು ರೋಮ ಕಾಣಬೇಕಾದರೆ ಬೆಳಕು ಹಿಂದಿನ ಓರೆಯಿಂದ ಬರಬೇಕು, ಹಿನ್ನೆಲೆ ಗಾಢವಾಗಿರಬೇಕು.

ಫ್ಲ್ಯಾಷ್ ಬಳಸಿದರೆ ಕಣ್ಣಿಗೆ ತೊಂದರೆಯಾ?

ಮಾಮೂಲಿ ಕ್ಯಾಮೆರಾ ಫ್ಲ್ಯಾಷ್‌ನಿಂದ ಮಗುವಿನ ಕಣ್ಣು ಹಾಳಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಆದರೆ ಮಗು ಬೆಚ್ಚುತ್ತದೆ. ಎದುರಿನಿಂದ ಬಿದ್ದ ಫ್ಲ್ಯಾಷ್ ನೆರಳನ್ನೆಲ್ಲ ಅಳಿಸಿ ಮುಖವನ್ನು ಚಪ್ಪಟೆ ಮಾಡುತ್ತದೆ. ನಮಗೆ ಬೇಕಾದದ್ದೇ ಆ ನೆರಳು. ಹಾಕಲೇಬೇಕಾದರೆ ಬಿಳಿ ಗೋಡೆಗೆ ಹೊಡೆದು ಅಲ್ಲಿಂದ ತಿರುಗಿ ಬರುವ ಹಾಗೆ ಮಾಡಿ.

ಇದಕ್ಕೆ ಸೇರಿದ, ಫೋಟೋಗಿಂತ ದೊಡ್ಡ ವಿಷಯ ಒಂದಿದೆ. ಫ್ಲ್ಯಾಷ್ ಹಾಕಿದ ಬಣ್ಣದ ಫೋಟೋದಲ್ಲಿ ಕಣ್ಣಿನ ಪಾಪೆ ಕೆಂಪಗೆ ಕಾಣುವುದು ಮಾಮೂಲಿ. ಒಂದು ಕಣ್ಣಿನಲ್ಲಿ ಅಥವಾ ಎರಡರಲ್ಲೂ ಕೆಂಪಿನ ಬದಲು ಬಿಳಿ ಹೊಳಪು ಕಂಡರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಬೆಳಕು ಬಿದ್ದ ಕೋನದಿಂದಲೂ ಹಾಗೆ ಕಾಣಬಹುದು, ಗಾಬರಿ ಬೇಡ. ಆದರೆ ಪುಟ್ಟ ಮಕ್ಕಳ ಕಣ್ಣಿನ ಪೊರೆ, ರೆಟಿನೊಬ್ಲಾಸ್ಟೊಮಾ ಅನ್ನುವ ಕಣ್ಣಿನ ಕ್ಯಾನ್ಸರ್, ಇವುಗಳ ಮೊದಲ ಸುಳಿವೂ ಇದೇ ಆಗಿರುವುದುಂಟು. ಬೇಗ ಗೊತ್ತಾದಷ್ಟೂ ಒಳ್ಳೆಯದು. ಕಪ್ಪು-ಬಿಳುಪು ಮಾಡಿದ ಮೇಲೆ ಈ ವ್ಯತ್ಯಾಸ ಕಣ್ತಪ್ಪಿ ಹೋಗುತ್ತದೆ. ಬಣ್ಣ ತೆಗೆಯುವ ಮೊದಲು ಕಣ್ಣುಗಳನ್ನು ಒಮ್ಮೆ ದೊಡ್ಡದು ಮಾಡಿ ನೋಡಿ.

ಕೈ ಮೇಲೆ ಗಲ್ಲ ಊರಿಕೊಂಡು ಮಲಗಿದ ಕೂಸಿನ ಫೋಟೋ ನೋಡಿದೆ. ಹಾಗೆ ಕೂರಿಸುವುದು ಹೇಗೆ?

ದಯವಿಟ್ಟು ಪ್ರಯತ್ನಿಸಬೇಡಿ. ಅದನ್ನು ಸರಿಯಾಗಿ ಮಾಡುವವರು ಎರಡು ಫೋಟೋ ತೆಗೆಯುತ್ತಾರೆ. ಒಂದರಲ್ಲಿ ಒಬ್ಬರು ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಕೈಗಳನ್ನು ಹಿಡಿದಿರುತ್ತಾರೆ. ಎರಡನ್ನೂ ಜೋಡಿಸಿ ಹಿಡಿದ ಕೈಗಳನ್ನು ಅಳಿಸುತ್ತಾರೆ. ಕುತ್ತಿಗೆ ನಿಲ್ಲದ ಕೂಸು ಒಂದು ಕ್ಷಣವೂ ಹಾಗೆ ತಾನಾಗಿ ಇರಲಾರದು.

ಮಗು ಮಂಚದ ಮೇಲಿದ್ದರೆ ಒಬ್ಬರ ಕೈ ಅದರ ಹತ್ತಿರವೇ ಇರಲಿ. ಬೋರಲು ಮಲಗಿಸಿದ್ದರೆ ಕಣ್ಣು ತೆಗೆಯಬೇಡಿ, ಫೋಟೋ ಮುಗಿದ ತಕ್ಷಣ ಅಂಗಾತ ಮಾಡಿ. ಮೇಲಿನಿಂದ ತೆಗೆಯುವಾಗ ಕ್ಯಾಮೆರಾ ಪಟ್ಟಿ ನಿಮ್ಮ ಕುತ್ತಿಗೆಯಲ್ಲೇ ಇರಬೇಕು. ಮೊಬೈಲ್ ಆದರೆ ನೇರ ಮುಖದ ಮೇಲೆ ಹಿಡಿಯಲೇಬೇಡಿ.

ಎಡಿಟಿಂಗ್‌ಗೆ ಯಾವ ಆ್ಯಪ್ ಒಳ್ಳೆಯದು?

ಮೊಬೈಲಿಗೆ ಸ್ನ್ಯಾಪ್‌ಸೀಡ್ ಅಥವಾ ಲೈಟ್‌ರೂಮ್. ಕಂಪ್ಯೂಟರಿನಲ್ಲಿ ದುಡ್ಡು ಕೊಡದೆ ಸಿಗುವುದು ಬೇಕಾದರೆ ಜಿಂಪ್, ರಾ ಫೈಲಿಗೆ ಡಾರ್ಕ್‌ಟೇಬಲ್. ಯಾವುದನ್ನು ಆರಿಸಿದರೂ ಒಂದು ಸೌಲಭ್ಯ ಇರಲೇಬೇಕು: ಒಂದೊಂದು ಬಣ್ಣ ಎಷ್ಟು ತಿಳಿಯಾದ ಬೂದು ಆಗಬೇಕು ಅಂತ ನೀವೇ ಹೇಳುವ ಹಾಗಿರಬೇಕು. ಲೈಟ್‌ರೂಮಿನಲ್ಲಿ ಕಪ್ಪು-ಬಿಳುಪು ಮಾಡಿದ ಮೇಲೆ ಎಂಟು ಬಣ್ಣದ ಸ್ಲೈಡರ್ ಬರುತ್ತವೆ. ಜಿಂಪ್‌ನಲ್ಲಿ ಮೊನೊ ಮಿಕ್ಸರ್ ಇದೆ. ಸ್ನ್ಯಾಪ್‌ಸೀಡಿನ ಬ್ಲ್ಯಾಕ್ ಅಂಡ್ ವೈಟ್ ಒಳಗೆ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಫಿಲ್ಟರ್‌ಗಳಿವೆ.

ಒಂದೇ ಸಲಕ್ಕೆ ಫಿಲ್ಟರ್ ಹಾಕಿದರೆ ಮಗುವಿನ ಮುಖ ಕಲೆ ಕಲೆಯಾಗಿ ಕಾಣುತ್ತೆ. ಯಾಕೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ ದಿನವೇ ನನ್ನ ಫೋಟೋಗಳು ಬದಲಾದದ್ದು.

ಕೂಸಿನ ಚರ್ಮ ತೆಳು. ಅದರ ಕೆಳಗಿನ ರಕ್ತ ಎದ್ದು ಕಾಣುತ್ತದೆ. ರಕ್ತ ಹಸಿರು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ಈಗ ಲೆಕ್ಕ ನೋಡಿ. ಬಣ್ಣದ ಡಿಜಿಟಲ್ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ ಇರುತ್ತವೆ. ಬಣ್ಣವನ್ನು ಬೂದು ಮಾಡುವ ಒಂದು ಸಾಮಾನ್ಯ ಸೂತ್ರದಲ್ಲಿ ಹಸಿರಿನ ಪಾಲು ನೂರಕ್ಕೆ 59, ಕೆಂಪಿನದು 30, ನೀಲಿಯದು 11. ಮನುಷ್ಯರ ಕಣ್ಣಿಗೆ ಹಸಿರು ಹೆಚ್ಚು ಹೊಳಪಾಗಿ ಕಾಣುತ್ತದೆ, ಅದಕ್ಕೆ ಹೀಗೆ. ಅಂದರೆ ಕೆಂಪು ಕಲೆಗಳು ಅತಿ ಕಪ್ಪಾಗಿ ಕಾಣುವ ಪದರಕ್ಕೇ ಅತಿ ಹೆಚ್ಚು ಮತ ಸಿಕ್ಕಿತು. ಕೆನ್ನೆಯ ಕೆಂಪು, ಗುಳ್ಳೆ, ರೆಪ್ಪೆಯ ಮೇಲಿನ ಗುಲಾಬಿ ಗುರುತು ಎಲ್ಲ ಕಪ್ಪು ಕಲೆಗಳಾಗಿ ಬರುತ್ತವೆ.

ಪರಿಹಾರ ಸುಲಭ. ಕೆಂಪು ಮತ್ತು ಕಿತ್ತಳೆ ಸ್ಲೈಡರ್‌ಗಳನ್ನು ಮೇಲಕ್ಕೆ ಸರಿಸಿ. ಕೆಂಪು ಪದರದಲ್ಲಿ ಆ ಕಲೆಗಳು ಹೆಚ್ಚುಕಮ್ಮಿ ಇರುವುದೇ ಇಲ್ಲ. ಯಾವ ಬ್ರಷ್ಷೂ ಮುಟ್ಟಿಸದೆ ಚರ್ಮ ಶಾಂತವಾಗುತ್ತದೆ. ಕಾಮಾಲೆಯ ಹಳದಿ ಇದ್ದರೆ ಹಳದಿ ಸ್ಲೈಡರನ್ನೂ ಸ್ವಲ್ಪ ಏರಿಸಿ. ಸ್ನ್ಯಾಪ್‌ಸೀಡಿನಲ್ಲಾದರೆ ಕೆಂಪು ಅಥವಾ ಕಿತ್ತಳೆ ಫಿಲ್ಟರ್ ಆರಿಸಿ. ಹಸಿರು, ನೀಲಿ ಫಿಲ್ಟರ್ ಕೂಸಿಗೆ ಬೇಡವೇ ಬೇಡ. ಹಳೆಯ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಆ ಕಾಲದ ಮುಖಚಿತ್ರಗಳಲ್ಲಿ ತುಟಿ, ಚರ್ಮ ಗಾಢವಾಗಿ ಕಾಣುವುದಕ್ಕೆ ಅದೂ ಒಂದು ಕಾರಣ.

ಎಲ್ಲಿ ನಿಲ್ಲಿಸಬೇಕು? ತುಟಿ ನೋಡಿ. ತುಟಿಯೂ ಕೆಂಪೇ ಅಲ್ವಾ. ಕೆಂಪನ್ನು ಜಾಸ್ತಿ ಏರಿಸಿದರೆ ತುಟಿಯ ಅಂಚು ಚರ್ಮದಲ್ಲಿ ಕರಗಿ ಹೋಗುತ್ತದೆ, ಮುಖ ಮೇಣದ ಗೊಂಬೆಯಂತಾಗುತ್ತದೆ. ಅಂಚು ಮಾಯವಾಗಲು ಶುರುವಾದ ಕಡೆಯಿಂದ ಸ್ವಲ್ಪ ಹಿಂದಕ್ಕೆ ಬನ್ನಿ. ಮೊದಲು ಕಿತ್ತಳೆ ಏರಿಸಿ, ಆಮೇಲೆ ಕೆಂಪನ್ನು ಬೇಕಾದಷ್ಟೇ ಏರಿಸುವುದು ನನ್ನ ರೂಢಿ.

ಮಗು ಸ್ವಲ್ಪ ಕಪ್ಪು. ಬೆಳ್ಳಗೆ ಮಾಡಲಾ?

ಮಾಡಬೇಡಿ. ಕಲೆ ತಿಳಿಯಾಗಿಸುವುದು ಬೇರೆ, ಮೈಬಣ್ಣ ಬದಲಾಯಿಸುವುದು ಬೇರೆ. ಗಾಢ ಬಣ್ಣದ ಚರ್ಮ ಕಪ್ಪು-ಬಿಳುಪಿನಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಹಣೆ, ಕೆನ್ನೆ, ಮೂಗಿನ ತುದಿಯಲ್ಲಿ ಬೆಳಕಿನ ಹೊಳಪು ಸಿಗುತ್ತದೆ, ಆ ಹೊಳಪೇ ಆಕಾರ ಕೊಡುತ್ತದೆ. ಇಡೀ ಮುಖವನ್ನು ತಿಳಿ ಮಾಡಿದರೆ ಆ ಹೊಳಪಿಗೂ ಚರ್ಮಕ್ಕೂ ಇದ್ದ ಅಂತರ ಹೋಗಿ ಮುಖ ಸಪ್ಪೆಯಾಗುತ್ತದೆ. ಎಡಿಟ್ ಮಾಡಿದ ಮೇಲೆ ಮಗುವಿನ ಪಕ್ಕ ಫೋಟೋ ಹಿಡಿದು ನೋಡಿ. ಇದು ಇವಳೇ ಅನ್ನಿಸಬೇಕು.

ಅಮ್ಮನೂ ಮಗುವೂ ಒಂದೇ ಫೋಟೋದಲ್ಲಿದ್ದು ಇಬ್ಬರ ಬಣ್ಣ ಬೇರೆ ಇದ್ದರೆ, ಆ ವ್ಯತ್ಯಾಸವನ್ನೂ ಹಾಗೇ ಉಳಿಸಿ.

ಸಿಪ್ಪೆ ಏಳುತ್ತಿರುವ ಚರ್ಮ, ಗುಳ್ಳೆ, ಗೀರು ಇವನ್ನೆಲ್ಲ ಅಳಿಸಬೇಕಾ?

ಎರಡು ವಾರದಲ್ಲಿ ತಾನಾಗೇ ಹೋಗುವ ಉಗುರಿನ ಗೀರು, ಹಾಲಿನ ಕಲೆ, ಇವನ್ನು ಅಳಿಸಿದರೆ ತಪ್ಪಿಲ್ಲ. ಹುಟ್ಟುಮಚ್ಚೆ ಅಳಿಸಬೇಡಿ. ಚೀಪಿ ಚೀಪಿ ಮೇಲ್ದುಟಿಯ ನಡುವೆ ಎದ್ದ ಪುಟ್ಟ ಬೊಕ್ಕೆ, ಪಾದದಲ್ಲಿ ಸಿಪ್ಪೆ ಎದ್ದ ಚರ್ಮ, ಮೂಗಿನ ಮೇಲಿನ ಬಿಳಿ ಚುಕ್ಕೆಗಳು, ಇವನ್ನು ನಾನು ಬಿಡುತ್ತೇನೆ. ಕೆಲವೇ ವಾರ ಇರುವ ಗುರುತುಗಳು ಇವು, ಆಮೇಲೆ ನೋಡಬೇಕೆಂದರೂ ಸಿಗುವುದಿಲ್ಲ. ಚರ್ಮ ನಯ ಮಾಡುವ ಬ್ಯೂಟಿ ಫಿಲ್ಟರ್ ಮಾತ್ರ ಖಂಡಿತ ಆಫ್ ಮಾಡಿಡಿ. ಎಷ್ಟೋ ಮೊಬೈಲುಗಳಲ್ಲಿ ಅದು ಕೇಳದೇ ಆನ್ ಆಗಿರುತ್ತದೆ.

ಕಾಂಟ್ರಾಸ್ಟ್ (ಕಪ್ಪಿಗೂ ಬಿಳಿಗೂ ಇರುವ ಅಂತರ) ಎಷ್ಟು ಇಡಲಿ?

ಒಂದು ಕಡೆ ಪೂರ್ತಿ ಕಪ್ಪು ಇರಲಿ, ಒಂದು ಕಡೆ ಹೆಚ್ಚುಕಮ್ಮಿ ಬಿಳಿ ಇರಲಿ. ಕಪ್ಪು ಅಂದರೆ ಕಣ್ಣಿನ ಪಾಪೆಯೋ ಹೊದಿಕೆಯ ಮಡಿಕೆಯೋ ಆಗಬಹುದು. ಬಿಳಿ ಅಂದರೆ ಕಣ್ಣಲ್ಲಿ ಮಿಂಚುವ ಕಿಟಕಿಯ ಚುಕ್ಕೆ. ಹಣೆ, ಮೂಗಿನ ಮೇಲೆ ವಿವರವೇ ಇಲ್ಲದ ಬರೀ ಬಿಳಿ ಬರಬಾರದು. ಹಿಸ್ಟೋಗ್ರಾಂ (ಫೋಟೋದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವುದು ಎಷ್ಟಿದೆ ಅಂತ ತೋರಿಸುವ ನಕ್ಷೆ) ಬಲಗಡೆ ಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಬೆಳಕು ಇಳಿಸಿ.

ಕಾಂಟ್ರಾಸ್ಟ್ ಸ್ಲೈಡರ್ ಒಂದನ್ನೇ ಎಳೆಯುವ ಬದಲು ಕರ್ವ್ (ನೆರಳು, ನಡುಭಾಗ, ಹೊಳಪನ್ನು ಬೇರೆ ಬೇರೆಯಾಗಿ ಎಳೆಯುವ ಗೆರೆ) ಬಳಸಿ. ನೆರಳಿನ ಕಡೆ ಸ್ವಲ್ಪ ಕೆಳಗೆ, ಹೊಳಪಿನ ಕಡೆ ಸ್ವಲ್ಪ ಮೇಲೆ. ಚರ್ಮ ಇರುವ ನಡುಭಾಗ ಆದಷ್ಟು ಹಾಗೇ ಇರಲಿ. ಗೆರೆ, ಅಂಚುಗಳನ್ನು ಎದ್ದು ಕಾಣಿಸುವ ಕ್ಲಾರಿಟಿ, ಸ್ಟ್ರಕ್ಚರ್ ಇವು ವಯಸ್ಸಾದವರ ಮುಖಕ್ಕೆ ಒಪ್ಪುತ್ತವೆ. ಕೂಸಿಗೆ ಬೇಡ, ಬೇಕಾದರೆ ಕ್ಲಾರಿಟಿಯನ್ನು 10ರಷ್ಟು ಇಳಿಸಿ. ಕೊನೆಗೆ ಬ್ರಷ್ ತೆಗೆದುಕೊಂಡು ಕಣ್ಣಿನ ಸುತ್ತ ತುಸು ತಿಳಿ, ಫೋಟೋದ ಮೂಲೆಗಳು ತುಸು ಗಾಢ. ಮಾಡಿದ್ದು ಬೇರೆಯವರಿಗೆ ಗೊತ್ತಾದರೆ ಅದು ಜಾಸ್ತಿಯಾಯಿತು.

ಮುಗಿಸಿದ ತಕ್ಷಣ ಯಾರಿಗೂ ಕಳಿಸಬೇಡಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ತೆರೆದು ನೋಡಿ. ರಾತ್ರಿ ಸರಿ ಅನ್ನಿಸಿದ ಕಪ್ಪು ಬೆಳಿಗ್ಗೆ ಅತಿಯಾಗಿ ಕಾಣುವುದು ನನಗೆ ಈಗಲೂ ಆಗುತ್ತದೆ.

ಗ್ರೇನ್ ಸೇರಿಸಬೇಕಾ?

ಸ್ವಲ್ಪ ಸೇರಿಸಿದರೆ ಲಾಭವಿದೆ. ಜೆಪೆಗ್‌ನಲ್ಲಿ ಬೂದು ಬಣ್ಣಕ್ಕೆ ಇರುವುದು 256 ಮೆಟ್ಟಿಲು ಮಾತ್ರ. ಮಸುಕಾದ ಹಿನ್ನೆಲೆಯಲ್ಲಿ ಈ ಮೆಟ್ಟಿಲುಗಳು ಪಟ್ಟೆಗಳಾಗಿ ಕಾಣಬಹುದು. ಸಣ್ಣ ಗ್ರೇನ್ ಅದನ್ನು ಮುಚ್ಚುತ್ತದೆ.

ಎಲ್ಲ ಕಪ್ಪು-ಬಿಳುಪು, ತುಟಿ ಮಾತ್ರ ಕೆಂಪು, ಹೀಗೆ ಮಾಡಿದರೆ?

ನನಗೆ ಇಷ್ಟವಿಲ್ಲ. ಕಣ್ಣು ನೇರ ಆ ಬಣ್ಣಕ್ಕೇ ಹೋಗಿ ಅಲ್ಲೇ ಕೂರುತ್ತದೆ, ಮುಖ ನೋಡುವುದೇ ಇಲ್ಲ.

ಪ್ರಿಂಟ್ ಹಾಕಿಸಿದರೆ ಸ್ಕ್ರೀನಿನಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ ಬರುತ್ತೆ. ಯಾಕೆ?

ಸ್ಕ್ರೀನು ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಎಡಿಟ್ ಮಾಡುವಾಗ ಸ್ಕ್ರೀನಿನ ಬೆಳಕನ್ನು ಅರ್ಧಕ್ಕೆ ಇಳಿಸಿಕೊಳ್ಳಿ, ಒಂದು ಬಿಳಿ ಹಾಳೆ ಪಕ್ಕದಲ್ಲಿಟ್ಟು ಹೋಲಿಸಿ. ಪ್ರಿಂಟಿಗೆ ಕಳಿಸುವ ಪ್ರತಿಯನ್ನು ಸ್ವಲ್ಪ ತಿಳಿ ಮಾಡಿ. 8 ಇಂಚು 10 ಇಂಚಿನ ಪ್ರಿಂಟಿಗೆ 2400 × 3000 ಪಿಕ್ಸೆಲ್ ಇದ್ದರೆ ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿರುತ್ತದೆ, ಮೂಲ ಫೈಲನ್ನೇ ಕೊಡಿ. ಹೊಳೆಯುವ ಕಾಗದಕ್ಕಿಂತ ಮ್ಯಾಟ್ ಕಾಗದ ಈ ಫೋಟೋಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಬಣ್ಣದ ಶಾಯಿಯಲ್ಲೇ ಕಪ್ಪು-ಬಿಳುಪು ಅಚ್ಚು ಹಾಕುವಾಗ ತುಸು ಹಸಿರೋ ನೇರಳೆಯೋ ಬೆರೆಯುವುದುಂಟು. ಮೊದಲು ಒಂದೇ ಒಂದು ಚಿಕ್ಕ ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ದೊಡ್ಡದು.

ಕಪ್ಪು-ಬಿಳುಪು ಆದ ಮೇಲೆ ಬಣ್ಣದ ಫೋಟೋ ಅಳಿಸಬಹುದಾ?

ಅಳಿಸಬೇಡಿ. ಬೂದು ಮಾಡಿ ಉಳಿಸಿದ ಫೈಲಿನಿಂದ ಬಣ್ಣ ಹಿಂದಕ್ಕೆ ಬರುವುದಿಲ್ಲ, ಕೆಂಪು ಸ್ಲೈಡರನ್ನು ಇನ್ನೊಮ್ಮೆ ಸರಿಸಲೂ ಆಗುವುದಿಲ್ಲ. ಎಡಿಟ್ ಮಾಡಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ. ಮೂಲ ಫೋಟೋಗಳ ಒಂದು ಪ್ರತಿ ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಮನೆಯ ಹೊರಗೆ ಎಲ್ಲಾದರೂ ಇರಲಿ. ಫೋಲ್ಡರಿನ ಹೆಸರಿನಲ್ಲಿ ತಾರೀಕಿನ ಜೊತೆ ಮಗುವಿಗೆ ಎಷ್ಟು ದಿನ ಆಗಿತ್ತು ಅಂತಲೂ ಬರೆಯಿರಿ. 9ನೇ ದಿನದ ಮುಷ್ಟಿ, 40ನೇ ದಿನದ ಮುಷ್ಟಿ ಪಕ್ಕಪಕ್ಕ ಇಟ್ಟು ನೋಡುವಾಗ ಅದು ಬೇಕಾಗುತ್ತದೆ.